ಅಟ್ಟದ ಮೇಲಿರುವ ಗಿಟಾರ್ ಕೆಳಗಿಳಿಸಿ

ತುಮಕೂರಿನಲ್ಲಿ ಸ್ವಂತ ಹಾಡು ಕಟ್ಟುವ ಹುಡುಗರು ಈಗೀಗ ಜಾಸ್ತಿ ಸಿಗುತ್ತಿದ್ದಾರೆ. ಬಾಡಿಗೆ ರೂಮಿನಲ್ಲಿ ಕೂತು ಕನ್ನಡದಲ್ಲೇ ಬರೆದು, ಕನ್ನಡದಲ್ಲೇ ರಾಕ್ ಹಾಡುತ್ತಾರೆ. ನನಗೆ ಅದಕ್ಕಿಂತ ಖುಷಿ ಬೇರೆ ಇಲ್ಲ. ಆದರೆ ಅವರಲ್ಲಿ ಬಹಳ ಜನ ಕೇಳುವ ಒಂದು ಪ್ರಶ್ನೆಗೆ ಇಲ್ಲಿ ಸ್ವಲ್ಪ ಉದ್ದಕ್ಕೇ ಉತ್ತರ ಬರೆಯುತ್ತಿದ್ದೇನೆ. "ಅಣ್ಣಾ, ಇಎಂಐ ಹಾಕಿಸಿಯಾದ್ರೂ ಜಾಸ್‌ಮಾಸ್ಟರ್ ತಗೊಳ್ಳೋಣ ಅಂತಿದೀನಿ. ಇಂಡೀ ರಾಕ್‌ಗೆ ಅದೇ ಅಲ್ವಾ ಬೇಕಿರೋದು?"

ಅಲ್ಲಪ್ಪ. ಆ ಗಿಟಾರ್ ಇಂಡೀ ಸಂಗೀತಕ್ಕೆ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಮಾಡುವ ಸಂಗೀತಕ್ಕೆ, ಹೇಗೆ ಬಂತು ಅಂತ ಗೊತ್ತಾದರೆ ನೀನು ಸಾಲ ಮಾಡುವುದಿಲ್ಲ.

ಫೆಂಡರ್ ಕಂಪನಿ ಜಾಸ್‌ಮಾಸ್ಟರ್ ಅನ್ನು 1958ರಲ್ಲಿ ತಂದಿತು. ಆಗ ಅದು ಅವರ ದುಬಾರಿ ಗಿಟಾರ್. ಕೂತು ಜಾಸ್ ನುಡಿಸುವ ದೊಡ್ಡವರಿಗೆ ಅಂತ ಮಾಡಿದ್ದು. ಆ ದೊಡ್ಡವರು ಅದನ್ನು ಮೂಸಿಯೂ ನೋಡಲಿಲ್ಲ. ಸರ್ಫ್ ಅನ್ನುವ, ಕಡಲತೀರದ ಹುಡುಗರ ಗಿಟಾರ್ ಸಂಗೀತದವರು ಸ್ವಲ್ಪ ಕಾಲ ಕೈಗೆತ್ತಿಕೊಂಡರು. ಆ ಅಲೆಯೂ ಇಳಿಯಿತು. 1980ರಲ್ಲಿ ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿತು. ಅದಕ್ಕೂ ಮುಂಚಿನಿಂದಲೇ ಅಮೆರಿಕದ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ, ಗಿರವಿ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿದ್ದವು. ಕೈಯಲ್ಲಿ ಕಾಸಿಲ್ಲದ ಹುಡುಗರು ಅದಕ್ಕೇ ಕೈ ಹಾಕಿದರು. ಟೆಲಿವಿಷನ್ ತಂಡದ ಟಾಮ್ ವರ್ಲೇನ್ ಅದನ್ನು ಹಿಡಿದದ್ದು ಯಾರಿಗೂ ಬೇಡದ ಅಗ್ಗದ ಗಿಟಾರ್ ಅಂತ. ಡೈನೋಸಾರ್ ಜೂನಿಯರ್ ತಂಡದ ಜೆ ಮ್ಯಾಸ್ಕಿಸ್‌ಗೆ ಬೇಕಿದ್ದದ್ದು ಫೆಂಡರ್ ಕಂಪನಿಯದೇ ಸ್ಟ್ರಾಟೊಕಾಸ್ಟರ್, ಕೈಗೆಟುಕಿದ್ದು ಇದು.

ಇನ್ನು ಅದರ ಕೊರತೆಗಳನ್ನು ನೋಡಿ. ಜಾಸ್‌ಮಾಸ್ಟರ್‌ನಲ್ಲಿ ತಂತಿ ಬ್ರಿಡ್ಜ್ ಅನ್ನು, ಅಂದರೆ ಮೈ ಮೇಲೆ ತಂತಿಯನ್ನು ಹೊರುವ ಲೋಹದ ಪಟ್ಟಿಯನ್ನು, ದಾಟಿ ಬಹಳ ದೂರ ಹೋಗಿ ಕೂರುತ್ತದೆ. ಬ್ರಿಡ್ಜ್ ಮೇಲೆ ಒತ್ತಡ ಕಮ್ಮಿ. ಜೋರಾಗಿ ಬಾರಿಸಿದರೆ ತಂತಿ ತನ್ನ ಗೀರಿನಿಂದ ಜಾರುತ್ತದೆ. ಬೇರೆಯವರು ಇದನ್ನು ದೋಷ ಅಂದರು. ಸಾನಿಕ್ ಯೂತ್ ತಂಡದವರು ಬ್ರಿಡ್ಜ್ ಹಿಂದೆ ಉಳಿದ ಆ ತಂತಿಯನ್ನೇ ಮೀಟಿ ಗಣಗಣ ಸದ್ದು ತೆಗೆದರು. ಮೈ ಬ್ಲಡಿ ವ್ಯಾಲೆಂಟೈನ್ ತಂಡದ ಕೆವಿನ್ ಶೀಲ್ಡ್ಸ್ ಸ್ವರ ಏರಿಳಿಸುವ ಟ್ರೆಮೊಲೊ ಕಡ್ಡಿಯನ್ನು ಅಂಗೈಯಲ್ಲೇ ಹಿಡಿದುಕೊಂಡು ಕಾರ್ಡ್ (ಹಲವು ಸ್ವರ ಒಟ್ಟಿಗೆ) ಬಾರಿಸಿದರು. ಸ್ವರ ಏಳುತ್ತಾ ಬೀಳುತ್ತಾ ತೇಲಿತು. ಈಗ ಎಲ್ಲರೂ ಆಸೆಪಡುವ ಇಂಡೀ ಸದ್ದು ಅಂದರೆ ಅದೇ.

ಬರೀ ಜಾಸ್‌ಮಾಸ್ಟರ್ ಕತೆಯಲ್ಲ ಇದು. ನಿರ್ವಾಣ ತಂಡದ ಕರ್ಟ್ ಕೊಬೇನ್‌ಗೆ ಇಷ್ಟವಾಗಿದ್ದ ಫೆಂಡರ್ ಮಸ್ಟ್ಯಾಂಗ್ ಗಿಟಾರ್, ಕಲಿಯುವ ಮಕ್ಕಳಿಗೆ ಅಂತ 1964ರಲ್ಲಿ ಬಂದದ್ದು. ವೈಟ್ ಸ್ಟ್ರೈಪ್ಸ್ ತಂಡದ ಜ್ಯಾಕ್ ವೈಟ್ ಹಿಡಿದ ಕೆಂಪು ಏರ್‌ಲೈನ್ ಗಿಟಾರ್‌ನ ಮೈ ಮರದ್ದೇ ಅಲ್ಲ, ಫೈಬರ್‌ಗ್ಲಾಸ್. ಅಮೆರಿಕದ ಜನ ಕ್ಯಾಟಲಾಗ್ ನೋಡಿ ಮನೆಗೆ ತರಿಸುತ್ತಿದ್ದ ಮಾಲು.

ಹಾಗಾದರೆ ತುಮಕೂರಿನಲ್ಲಿ ಯಾರಿಗೂ ಬೇಡವಾದ ಗಿಟಾರ್ ಎಲ್ಲಿದೆ? ನನ್ನ ಉತ್ತರ: ಆರ್ಕೆಸ್ಟ್ರಾ ಕಲಾವಿದರ ಮನೆಯ ಅಟ್ಟದಲ್ಲಿ.

ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ, ಎಲ್ಲದಕ್ಕೂ ಆರ್ಕೆಸ್ಟ್ರಾ ಇರುತ್ತಿದ್ದ ಕಾಲ ಒಂದಿತ್ತು. ಲೀಡ್ ಗಿಟಾರ್, ಬೇಸ್ ಗಿಟಾರ್, ರಿದಂ ಪ್ಯಾಡ್, ಎಲ್ಲಾ ಕೈಯಲ್ಲೇ ನುಡಿಸುತ್ತಿದ್ದರು. ಆಮೇಲೆ ಒಂದು ಕೀಬೋರ್ಡ್ ಸಾಕು ಅಂದರು. ಆಮೇಲೆ ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್ ಬಂತು. ಗಿಟಾರ್‌ನವರು ಮನೆಗೆ ಹೋದರು, ಗಿಟಾರ್ ಅಟ್ಟ ಹತ್ತಿತು. ಕೋಲ್ಕತ್ತದ ಗಿವ್ಸನ್ ಕಂಪನಿಯದು, ಹಳೇ ಯಮಹಾ, ತಲೆಯ ಮೇಲಿನ ಹೆಸರೇ ಅಳಿಸಿಹೋದ ಇನ್ನೆಷ್ಟೋ.

ನಾನು ಈಗ ನುಡಿಸುತ್ತಿರುವುದು ಅಂಥದ್ದೇ. ಗುಬ್ಬಿ ಕಡೆಯ ಒಬ್ಬ ಹಿರಿಯ ಕಲಾವಿದರಿಂದ ತಂದದ್ದು. ಬೆರಳಿಡುವ ಫ್ರೆಟ್‌ಬೋರ್ಡಿನ ಮೊದಲ ಮೂರು ಫ್ರೆಟ್‌ಗಳಲ್ಲಿ, ಅಂದರೆ ಅಡ್ಡ ಲೋಹದ ಪಟ್ಟಿಗಳಲ್ಲಿ, ತಂತಿ ಕೂತು ಕೂತು ಗುಳಿ ಬಿದ್ದಿದೆ. ಅಲ್ಲೇ ಅವರು ಇಡೀ ರಾತ್ರಿ ಕಾರ್ಡ್ ಹಿಡಿದಿದ್ದಾರೆ. ವಾಲ್ಯೂಮ್ ನಾಬ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಹಿಂದಿನ ತಟ್ಟೆ ಬಿಚ್ಚಿದರೆ ಒಂದು ವೈರಿನ ಬೆಸುಗೆ ಬಿಟ್ಟಿತ್ತು. ನಮ್ಮ ಬೀದಿಯ ರೇಡಿಯೋ ರಿಪೇರಿ ಅಣ್ಣನ ಹತ್ತಿರ ಕೊಟ್ಟೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಬೆಸುಗೆ ಹಾಕಿ, ಆಗಲೇ ಕೈಗೆ ಕೊಟ್ಟರು. ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ಕೂಡ ರೇಡಿಯೋ ರಿಪೇರಿಯವರೇ. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, 1950ರ ಆಸುಪಾಸು ಅವರು ಮಾಡಿದ ಟೆಲಿಕಾಸ್ಟರ್ ಅಷ್ಟು ಸರಳವಾಗಿದೆ. ನೆಕ್ ಅನ್ನು, ಅಂದರೆ ಉದ್ದನೆಯ ಹಿಡಿಯನ್ನು, ನಾಲ್ಕು ಸ್ಕ್ರೂ ಹಾಕಿ ಕೂರಿಸಿದ್ದಾರೆ, ಕೆಟ್ಟರೆ ಬಿಚ್ಚಿ ಸರಿಮಾಡಬಹುದು.

ಕೊಳ್ಳುವಾಗ ನೆಕ್ ಮಾತ್ರ ಸರಿಯಾಗಿ ನೋಡಿ. ತಲೆ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಬೇಕು. ಸ್ವಲ್ಪ ಬಾಗಿದ್ದರೆ ಒಳಗಿನ ಕಬ್ಬಿಣದ ಸರಳನ್ನು ಅಲೆನ್ ಕೀಯಿಂದ ತಿರುಗಿಸಿ ಸರಿಮಾಡಬಹುದು. ಹಗ್ಗದ ಥರ ತಿರುಚಿಕೊಂಡಿದ್ದರೆ ಬಿಟ್ಟುಬಿಡಿ.

ಪಿಕಪ್ ವಿಷಯಕ್ಕೆ ಬರೋಣ. ನಮ್ಮೂರಲ್ಲಿ ಇದು ಬ್ರಾಂಡ್‌ಗಿಂತ ಮುಖ್ಯ. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದು. ಗಿಟಾರ್ ತಂತಿ ಅಲುಗಿದರೆ ಅದರಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಒಂದೇ ಸುರುಳಿ ಇದ್ದರೆ ಅಕ್ಕಪಕ್ಕದ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಎಳೆದುಕೊಳ್ಳುತ್ತದೆ. ಪೆಂಡಾಲ್‌ನಲ್ಲಿ ಸೀರಿಯಲ್ ಸೆಟ್, ಡಿಮ್ಮರ್, ಜನರೇಟರ್ ಎಲ್ಲಾ ಒಟ್ಟಿಗೆ ಇರುತ್ತವೆ. ಹಾಡಿಗಿಂತ ಹಮ್ಮಿಂಗೇ ಜಾಸ್ತಿ ಕೇಳುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಯನ್ನು ಒಂದಕ್ಕೊಂದು ವಿರುದ್ಧ ಕೂರಿಸಿ ಹಂಬಕರ್ ಅನ್ನುವ ಪಿಕಪ್ ಮಾಡಿದ್ದು ಇದಕ್ಕೇ. 1957ರಿಂದ ಆ ಕಂಪನಿಯ ಲೆಸ್ ಪಾಲ್ ಗಿಟಾರ್‌ಗಳಲ್ಲಿ ಅದು ಬಂತು. ಪೆಂಡಾಲ್‌ನಲ್ಲಿ ನುಡಿಸುವವರು ಹಂಬಕರ್ ಇರುವ ಗಿಟಾರ್ ನೋಡಿ. ಅದಕ್ಕೂ ಮೊದಲು ಅರ್ಥಿಂಗ್ ಇದೆಯಾ ಅಂತ ಸೌಂಡಿನವರನ್ನು ಕೇಳಿ. ಅರ್ಥಿಂಗ್ ಇಲ್ಲದ ಆಂಪ್‌ಗೆ ಗಿಟಾರ್ ಹಾಕಿಕೊಂಡು ಮೈಕಿಗೆ ತುಟಿ ತಾಗಿಸಿದರೆ ಷಾಕ್ ಹೊಡೆಯಬಹುದು. ಜೀವಕ್ಕೇ ಅಪಾಯ, ಇದರಲ್ಲಿ ಸಂಕೋಚ ಬೇಡ.

ಆದರೂ ರೂಮಿನಲ್ಲಿ ರೆಕಾರ್ಡ್ ಮಾಡುವಾಗ ನನಗೆ ಒಂದೇ ಸುರುಳಿಯ ಪಿಕಪ್, ಅಂದರೆ ಸಿಂಗಲ್ ಕಾಯಿಲ್, ಅದೇ ಬೇಕು. ಕಾರಣ ಕನ್ನಡ. ಹಂಬಕರ್‌ಗೆ ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದರೆ ಸದ್ದು ದಪ್ಪಗಾಗಿ ಹಾಡುವವನ ದನಿ ಇರುವ ಜಾಗದಲ್ಲೇ ಬಂದು ಕೂರುತ್ತದೆ. ಒತ್ತಕ್ಷರಗಳು ನುಂಗಿಹೋಗುತ್ತವೆ. ಬ್ರಿಡ್ಜ್ ಹತ್ತಿರದ ಸಿಂಗಲ್ ಕಾಯಿಲ್ ತೆಳ್ಳಗೆ, ಚೂಪಾಗಿ ಮೇಲೆ ಉಳಿಯುತ್ತದೆ. ಸಾಲು ಸಾಲಾಗಿ ಮಾತು ಕೇಳಿಸುತ್ತದೆ. ನಮ್ಮ ಹಾಡಿನಲ್ಲಿ ಮಾತೇ ಕೇಳದಿದ್ದರೆ ಕನ್ನಡದಲ್ಲಿ ಬರೆದು ಏನು ಬಂತು?

"ಕನ್ನಡಕ್ಕೆ ಈ ಫಾರಿನ್ ಸದ್ದು ಯಾಕೆ" ಅನ್ನುವ ಹಿರಿಯರೂ ಇದ್ದಾರೆ. ಅವರಿಗೆ ಗೌರವದಿಂದಲೇ ಹೇಳುತ್ತೇನೆ. ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದು. ಗುಬ್ಬಿ ವೀರಣ್ಣನವರ ಜಿಲ್ಲೆಯವರು ನಾವು. ಹಾರ್ಮೋನಿಯಂ ಇಲ್ಲದ ಕಂಪನಿ ನಾಟಕ ನಿಮಗೆ ನೆನಪಿದೆಯಾ? ಇನ್ನೊಂದು ಮಾತು, 1960ರ ದಶಕದ ಮಧ್ಯದಿಂದ ಫೆಂಡರ್ ಫ್ರೆಟ್‌ಬೋರ್ಡ್‌ಗಳಿಗೆ ಹೋದ ರೋಸ್‌ವುಡ್ ಭಾರತದ್ದು. ನಮ್ಮ ಮಲೆನಾಡಿನಲ್ಲೂ ಬೆಳೆಯುವ ಅದೇ ಬೀಟೆ ಮರ.

ಗುಬ್ಬಿ, ತಿಪಟೂರು, ಶಿರಾ, ಕುಣಿಗಲ್ ಕಡೆ ಯಾರ ಮನೆಯಲ್ಲಾದರೂ ಅಪ್ಪನದೋ ದೊಡ್ಡಪ್ಪನದೋ ಆರ್ಕೆಸ್ಟ್ರಾ ಗಿಟಾರ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ತಂತಿ ಇಲ್ಲದಿದ್ದರೂ ಪರವಾಗಿಲ್ಲ. ನನಗೊಂದು ಮೆಸೇಜ್ ಮಾಡಿ. ನ್ಯಾಯವಾದ ಬೆಲೆ ಕೊಟ್ಟು ತಗೊಳ್ಳುವ ಹುಡುಗರು, ಹುಡುಗಿಯರು ನನಗೆ ಗೊತ್ತಿದ್ದಾರೆ. ಕೊಡುವ ಮುಂಚೆ ನಿಮ್ಮ ದೊಡ್ಡಪ್ಪನ ಕೈಯಲ್ಲಿ ಒಂದು ಹಾಡು ನುಡಿಸಿ ತೋರಿಸಲು ಹೇಳಿ. ಆ ಬೆರಳುಗಳಿಗೆ ಗೊತ್ತಿರುವುದನ್ನೂ ಇವರು ಕಲಿಯಬೇಕು.