ಅಂಡಮಾನಿಗೆ ಕೊಬ್ಬರಿ ಹೊತ್ತವರು

ದ್ವೀಪದ ಪ್ರವಾಸಕ್ಕೆ ಏನೇನು ಕಟ್ಟಿಕೊಳ್ಳಬೇಕೆಂದು ಪಟ್ಟಿ ಬರೆಯುವವರೆಲ್ಲ ಒಂಟಿಯಾಗಿ ತಿರುಗುವವರೇ ಇರಬೇಕೆಂದು ನನಗೆ ಬಹಳ ದಿನಗಳಿಂದ ಗುಮಾನಿ. ಎರಡು ತೆಳು ಅಂಗಿ, ಒಂದು ಟೋಪಿ, ಒಂದು ತಂಪು ಕನ್ನಡಕ, ಓದಲೊಂದು ಪುಸ್ತಕ ಎಂದು ಅವರು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಹೋದ ಊರಿನಲ್ಲಿ ಹೊತ್ತಿಗೆ ಸರಿಯಾಗಿ ಅನ್ನ ಸಿಗುತ್ತದೆಯೋ ಇಲ್ಲವೋ ಎಂದು ತಿಂಗಳ ಮೊದಲೇ ಚಿಂತೆ ಹಚ್ಚಿಕೊಳ್ಳುವ ಅತ್ತೆಯಾಗಲಿ, ಕರೆಂಟು ಹೋದರೆ ಏನು ಗತಿ ಎನ್ನುವ ಗಂಡನಾಗಲಿ, ಫೋಟೋಗಳಲ್ಲಿ ಒಂದೇ ಬಟ್ಟೆ ಎರಡು ಸಲ ಕಾಣಿಸಬಾರದೆಂಬ ವ್ರತ ಹಿಡಿದ ಮಗಳಾಗಲಿ ಆ ಪಟ್ಟಿಗಳಲ್ಲಿ ಎಲ್ಲಿಯೂ ಸುಳಿಯುವುದಿಲ್ಲ. ನಮ್ಮಲ್ಲಿ ಒಬ್ಬೊಬ್ಬರ ಸೂಟ್‌ಕೇಸನ್ನೂ ತುಂಬಿಸುವುದು ಅವರವರ ಅಂಜಿಕೆ. ಹೋಗುವ ಊರಿನ ಹವೆಯನ್ನು ಯಾರೂ ವಿಚಾರಿಸುವುದಿಲ್ಲ.

ನಮ್ಮ ಯಜಮಾನರು ಕೇಂದ್ರ ಸರ್ಕಾರದ ನೌಕರರು. ಸ್ವಂತ ಊರಾದ ಮೈಸೂರಿಗೆ ಹೋಗಿಬರಲು ಸಿಗುವ ಎಲ್‌ಟಿಸಿಯನ್ನು, ಅಂದರೆ ರಜೆಯ ಪ್ರಯಾಣಕ್ಕೆ ಸರ್ಕಾರ ಕೊಡುವ ಖರ್ಚನ್ನು, ಅಂಡಮಾನಿನ ಪ್ರವಾಸಕ್ಕೆ ಬದಲಾಯಿಸಿಕೊಳ್ಳಲು ಸರ್ಕಾರ ಅವಕಾಶ ಕೊಟ್ಟಿದೆಯೆಂಬ ಸುದ್ದಿಯನ್ನು ಅವರು ಕಚೇರಿಯಿಂದ ತಂದ ಸಂಜೆಯೇ ಅತ್ತೆ ಅಟ್ಟದ ಮೇಲಿನ ಡಬ್ಬಗಳನ್ನು ಇಳಿಸತೊಡಗಿದರು. ಅಜ್ಜಿಗೆ ಅರಿವೆಯ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ ಎಂಬ ಗಾದೆ ನಮ್ಮ ಮನೆಯಲ್ಲಿ ಸಂಪೂರ್ಣ ತಲೆಕೆಳಗಾಗಿದೆ. ಅಜ್ಜಿ ಎರಡು ಸೀರೆಗಳನ್ನು ಮಡಿಸಿಟ್ಟು ಉಳಿದ ಜಾಗದಲ್ಲಿ ಚಟ್ನಿಪುಡಿ, ಹುಳಿಯವಲಕ್ಕಿ, ಕೋಡುಬಳೆ, ನಿಂಬೆಕಾಯಿ ಉಪ್ಪಿನಕಾಯಿ ಮತ್ತು ಪುಳಿಯೋಗರೆಯ ಗೊಜ್ಜನ್ನು ಜೋಡಿಸುತ್ತಿದ್ದರೆ, ಮೊಮ್ಮಗಳು ತಿಂಡಿಯ ಗೊಡವೆಯೇ ಇಲ್ಲದೆ, ಒಂದು ದಿನಕ್ಕೆ ಎಷ್ಟು ಸಲ ಬಟ್ಟೆ ಬದಲಾಯಿಸಬಹುದೆಂಬ ಲೆಕ್ಕದಲ್ಲಿ ಮುಳುಗಿದ್ದಳು. ನಮ್ಮವರು ಬ್ಯಾಟರಿ ದೀಪಗಳು, ಸೆಣಬಿನ ಹಗ್ಗ, ಮಳೆಕೋಟು ಇವುಗಳ ಮೇಲೆ, ಬೋರ್ಡಿಂಗ್ ಪಾಸುಗಳನ್ನು ಕಾಪಾಡುವುದಕ್ಕೆಂದೇ ಕೊಂಡ ಒಂದು ಪಾರದರ್ಶಕ ಪ್ಲಾಸ್ಟಿಕ್ ಫೈಲನ್ನು ಇಟ್ಟುಕೊಂಡರು. ಅಂಡಮಾನಿನ ಕಡಲಿಗಿಂತ ಕಚೇರಿಯ ಬಿಲ್ ವಿಭಾಗವೇ ಅವರಿಗೆ ಹೆಚ್ಚು ಆಳವಾಗಿ ಕಾಣುತ್ತಿತ್ತು.

ಒಳನಾಡಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ ಸೂಟ್‌ಕೇಸು ಮತ್ತು 7 ಕಿಲೋ ಕೈಚೀಲ. ತೂಕದ ಮಟ್ಟಿಗೆ ನಾವು ಪಾಸಾದೆವು. ತೊಂದರೆ ಬಂದದ್ದು ಕೊಬ್ಬರಿಯಿಂದ.

ಅತ್ತೆಯ ತವರು ತಿಪಟೂರಿನ ಕಡೆ. ಅಲ್ಲಿಂದ ಬಂದ ಕೊಬ್ಬರಿ ಗಿಟಕುಗಳನ್ನು ಅವರು ಸೀರೆಯ ಮಡಿಕೆಗಳ ನಡುವೆ, ಒಂದಕ್ಕೊಂದು ತಾಗದ ಹಾಗೆ, ಯಾರಿಗೂ ಹೇಳದೆ ಇಟ್ಟಿದ್ದರು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು ಬೆಲ್ಟಿನ ಮೇಲೆ ಒಳಗೆ ಹೋದ ಸ್ವಲ್ಪ ಹೊತ್ತಿಗೆ ನಮ್ಮನ್ನು ಒಂದು ಬದಿಯ ಕೋಣೆಗೆ ಕರೆಸಿದರು. ಪರದೆಯ ಮೇಲೆ ಅತ್ತೆಯ ಸೀರೆಗಳು ಮಸುಕಾಗಿಯೂ, ಅವುಗಳ ನಡುವೆ ಆರು ಗುಂಡನೆಯ ಆಕಾರಗಳು ಬಹಳ ಸ್ಪಷ್ಟವಾಗಿಯೂ ಕಾಣುತ್ತಿದ್ದವು. ಅಲ್ಲಿದ್ದ ಹುಡುಗಿ ನಮ್ಮ ಕಡೆಯವಳೇ.

“ಅಜ್ಜಿ, ಇದು ಬೆಂಕಿ ಹಿಡಿಯೋ ಸಾಮಾನು. ವಿಮಾನದಲ್ಲಿ ಕಳಿಸೋ ಹಾಗಿಲ್ಲ.”

“ಬೆಂಕಿಯೇ? ಇದು ಕೊಬ್ಬರಿ ಕಣಮ್ಮ. ಮದುವೆಯಾಗಿ ಬಂದಾಗಿನಿಂದ ಒಲೆ ಪಕ್ಕದ ಡಬ್ಬದಲ್ಲೇ ಇಟ್ಟಿದ್ದೀನಿ, ಒಂದು ದಿನ ಹೊಗೆ ಸಹ ಆಡಿಲ್ಲ.”

ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು. ಎಣ್ಣೆಯ ಅಂಶ ಹೇರಳವಾಗಿರುವ ಕೊಬ್ಬರಿ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿಗೆ ಸೇರಿದೆ. ಅಪಾಯಕಾರಿ ಸರಕುಗಳ ಸಾಗಣೆಗೆ ವಿಶ್ವಸಂಸ್ಥೆ ಮಾಡಿರುವ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸ್ವಂತ ಸಂಖ್ಯೆಯೇ ಇದೆ. ಇದನ್ನು ನಮ್ಮವರು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಾಗ ಅತ್ತೆಯ ಮುಖದಲ್ಲಿ ಕೋಪವಿಳಿದು, ತವರಿನ ಪದಾರ್ಥವೊಂದು ವಿಶ್ವಸಂಸ್ಥೆಯ ಕಿವಿಯವರೆಗೂ ಹೋಗಿದೆಯಲ್ಲ ಎಂಬ ಸಣ್ಣ ಹೆಮ್ಮೆ ಮೂಡಿದ್ದನ್ನು ನಾನು ಕಂಡೆ. ಆದರೆ ಆ ಹೆಮ್ಮೆ ಹೆಚ್ಚು ಹೊತ್ತು ಉಳಿಯಲಿಲ್ಲ. ಅದೇ ತಪಾಸಣೆಯಲ್ಲಿ ಅಗರಬತ್ತಿಯ ಜೊತೆಗಿದ್ದ ಬೆಂಕಿಪೊಟ್ಟಣವೂ, ನಮ್ಮವರು ಹಗ್ಗದೊಳಗೆ ಸುತ್ತಿಟ್ಟಿದ್ದ ಪವರ್ ಬ್ಯಾಂಕೂ ಹೊರಗೆ ಬಂದವು. ಪವರ್ ಬ್ಯಾಂಕಿನ ಲಿಥಿಯಂ ಬ್ಯಾಟರಿ ಕಣ್ಣೆದುರಿನ ಕೈಚೀಲದಲ್ಲಿಯೇ ಇರಬೇಕು, ಬೆಂಕಿಪೊಟ್ಟಣ ಎಲ್ಲಿಯೂ ಇರಬಾರದು ಎಂಬುದು ನಿಯಮ. ಕೊಬ್ಬರಿ, ಕಡ್ಡಿಪೆಟ್ಟಿಗೆ, ಬ್ಯಾಟರಿ ಮೂರನ್ನೂ ಮೇಜಿನ ಮೇಲೆ ಒಟ್ಟಿಗೆ ಇಟ್ಟು ನೋಡಿದಾಗ, ನಾಲ್ವರ ಆ ಸಂಸಾರ ಹೊರಟಿರುವುದು ಪ್ರವಾಸಕ್ಕೇ ಎಂದು ನನಗೂ ಪೂರ್ತಿ ನಂಬಿಕೆ ಬರಲಿಲ್ಲ. ಅತ್ತೆ ಒಂದು ಗಿಟಕನ್ನು ಅಲ್ಲಿಯೇ ನೆಲಕ್ಕೆ ಕುಟ್ಟಿ ಒಡೆದು, ಆ ಹುಡುಗಿಗೂ ಒಂದು ಚೂರು ಚಾಚಿದರು. ಆಕೆ ನಗುತ್ತಾ ಬೇಡವೆಂದಳು. ಉಳಿದ ಐದು ಗಿಟಕುಗಳು ಬುಟ್ಟಿಯ ಪಾಲಾದವು.

ಪೋರ್ಟ್ ಬ್ಲೇರಿನಲ್ಲಿ ಇಳಿದರೆ ಕಣ್ಣು ಹಾಯಿಸಿದಲ್ಲೆಲ್ಲ ತೆಂಗಿನ ಮರ. ಇನ್ನೂ ದಕ್ಷಿಣಕ್ಕಿರುವ ನಿಕೋಬಾರಿನಲ್ಲಂತೂ ತೆಂಗೇ ಮುಖ್ಯ ಬೆಳೆ, ಅಲ್ಲಿಂದ ಹೊರಕ್ಕೆ ಸಾಗುವುದು ಕೊಬ್ಬರಿಯೇ. ಹೋಟೆಲಿನಲ್ಲಿ ಅನ್ನ, ಸಾಂಬಾರು, ದೋಸೆ ಎಲ್ಲವೂ ಸಿಕ್ಕಿದವು; ತಮಿಳರೂ ಬಂಗಾಳಿಗಳೂ ತುಂಬಿರುವ ಊರಿನಲ್ಲಿ ಅನ್ನಕ್ಕೆ ಬರಗಾಲವೆಲ್ಲಿ? ಅತ್ತೆಯ ಕೋಡುಬಳೆ ಮಾತ್ರ ಡಬ್ಬದ ಮುಚ್ಚಳ ತೆಗೆದ ಮರುದಿನವೇ ಗರಿಗರಿಯನ್ನು ಕಳೆದುಕೊಂಡು, ಬಗ್ಗಿಸಿದರೆ ಬಗ್ಗುವ, ಎಳೆದರೆ ತುಸು ಹಿಗ್ಗುವ ಹದಕ್ಕೆ ಬಂತು.

ಕೋಡುಬಳೆಗೆ ಬಂದ ಗತಿಯೇ ಬಟ್ಟೆಗಳಿಗೂ ಬಂತು. ಅಂಡಮಾನಿಗೆ ಹೋಗುವವರು ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ ಅಲ್ಲಿ ಬಟ್ಟೆ ಒಣಗುವುದಿಲ್ಲ ಎಂಬುದು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ, ಮೇ ತಿಂಗಳಲ್ಲಿ ಕೇರಳಕ್ಕಿಂತ ಮೊದಲೇ ಮುಂಗಾರನ್ನು ಬರಮಾಡಿಕೊಳ್ಳುವ, ಆಮೇಲೆ ಹಿಂಗಾರಿನಲ್ಲಿಯೂ ನೆನೆಯುವ ಆ ದ್ವೀಪಗಳಲ್ಲಿ ಗಾಳಿಯೇ ಅರ್ಧ ನೀರು. ಮಗಳ ಜೀನ್ಸ್ ಪ್ಯಾಂಟು ಮೊದಲನೆಯ ದಿನ ಅಲೆಗೆ ಸಿಕ್ಕಿ ನೆನೆದದ್ದು ಪ್ರವಾಸ ಮುಗಿಯುವವರೆಗೂ ಒಣಗಲಿಲ್ಲ. ಸೊಂಟಪಟ್ಟಿಯ ಹೊಲಿಗೆಯಲ್ಲಿ, ಜೇಬಿನ ಒಳಮೂಲೆಯಲ್ಲಿ ಕಡಲು ಹಾಗೆಯೇ ಉಳಿದುಕೊಂಡು ವಾಸನೆ ಹಿಡಿಯಿತು. ಮನೆಯಿಂದ ಹೊತ್ತ ದಪ್ಪನೆಯ ಟರ್ಕಿ ಟವೆಲುಗಳಿಗೆ ಒಮ್ಮೆ ಮೈ ಒರೆಸಿದರೆ ಎರಡು ದಿನ ರಜೆ ಕೊಡಬೇಕಾಗುತ್ತಿತ್ತು. ನಮ್ಮವರು ಮಾತ್ರ ಒಂದು ತೆಳು ಪಂಚೆಯುಟ್ಟು ನೀರಿಗಿಳಿದು, ಮೇಲೆ ಬಂದು ಹಿಂಡಿ, ಕೊಡವಿ, ಗಾಳಿಗೆ ಹಿಡಿದು ಅರ್ಧ ಗಂಟೆಯಲ್ಲಿ ಮತ್ತೆ ಅದನ್ನೇ ಉಟ್ಟು ಓಡಾಡುತ್ತಿದ್ದರು. ಉಡುವುದಕ್ಕೆ, ಒರೆಸುವುದಕ್ಕೆ, ಮರಳಿನ ಮೇಲೆ ಹಾಸುವುದಕ್ಕೆ, ಬಿಸಿಲಿಗೆ ತಲೆಯ ಮೇಲೆ ಹೊದೆಯುವುದಕ್ಕೆ ಒಂದೇ ಬಟ್ಟೆ ಸಾಕಾಗುವ ಈ ಉಡುಪನ್ನು ದ್ವೀಪದ ಯಾವ ಪಟ್ಟಿಯೂ ಹೆಸರಿಸದಿರುವುದು ನನಗೆ ದೊಡ್ಡ ಅನ್ಯಾಯವೆಂದೇ ತೋರುತ್ತದೆ. ನಾವು ನಕ್ಕಿದ್ದ ಸೆಣಬಿನ ಹಗ್ಗವನ್ನು ಕಿಟಕಿಯಿಂದ ಬಾಗಿಲಿಗೆ ಕಟ್ಟಿ, ಅದರ ಮೇಲೆ ಇಡೀ ಸಂಸಾರವನ್ನು ನೇತುಹಾಕಿದೆವು. ಆ ಕೋಣೆಯಲ್ಲಿ ನಡೆಯಬೇಕಾದರೆ ಲಂಗ, ಬನಿಯನ್ನುಗಳಿಗೆ ತಲೆ ಬಾಗಿಸಿಯೇ ನಡೆಯಬೇಕಿತ್ತು.

ಬ್ಯಾಟರಿ ದೀಪಗಳ ವಿಷಯದಲ್ಲಿಯೂ ಅವರೇ ಗೆದ್ದರು, ಆದರೆ ಅವರು ಹೇಳಿದ ಕಾರಣಕ್ಕಲ್ಲ. ಅಂಡಮಾನ್ ಇರುವುದು ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿಯ ಸೂರ್ಯ ನಮಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮುಂದಿದ್ದಾನೆ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರಿನಲ್ಲಿ ಸಂಜೆ ಐದರ ಆಸುಪಾಸಿಗೇ ಹೊತ್ತು ಮುಳುಗಿಬಿಡುತ್ತದೆ. ಮಗಳು ಹ್ಯಾವ್ಲಾಕ್ ದ್ವೀಪದ ರಾಧಾನಗರ ಕಡಲತೀರದಲ್ಲಿ ಸೂರ್ಯಾಸ್ತದ ಫೋಟೋಗೆಂದು ಕಾದಿರಿಸಿದ್ದ ಬಿಳಿಯ ಉಡುಪನ್ನು ತೊಟ್ಟು, ಕೂದಲು ಬಿಟ್ಟು, ಐದೂವರೆಗೆ ಸರಿಯಾಗಿ ತೀರಕ್ಕೆ ಇಳಿದಳು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರವೆಂದು ಹೊಗಳಿದ್ದ ಆ ಜಾಗದಲ್ಲಿ ನಮಗೆ ಕಂಡದ್ದು, ನಮ್ಮವರ ಬ್ಯಾಟರಿ ಬೆಳಕು ಬಿದ್ದಷ್ಟು ಅಗಲದ ಮರಳು ಮತ್ತು ಅದರಲ್ಲಿ ಅಡ್ಡಡ್ಡ ಓಡುತ್ತಿದ್ದ ಏಡಿಗಳು. ಅತ್ತೆ ಕತ್ತಲಾದೊಡನೆ ಊಟಕ್ಕೆ ಕುಳಿತು, ಏಳೂವರೆಗೆ ಮಲಗಿ, ಮೂರೂವರೆಗೆ ಎದ್ದು ನಮ್ಮೆಲ್ಲರನ್ನೂ ಎಬ್ಬಿಸುತ್ತಿದ್ದುದು ಬೇರೆಯೇ ಕಥೆ.

ಹಡಗಿನ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ದ್ವೀಪದಿಂದ ದ್ವೀಪಕ್ಕೆ ಹೋಗುವಾಗ ದೊಡ್ಡ ಸಾಮಾನನ್ನೆಲ್ಲ ಹಡಗಿನವರು ಒಂದೆಡೆ ಒಟ್ಟುತ್ತಾರೆ, ನಾವು ಇನ್ನೊಂದೆಡೆ ಕೂರಬೇಕು. ವಾಂತಿಯ ಮಾತ್ರೆ ಸೂಟ್‌ಕೇಸಿನ ತಳದಲ್ಲಿದ್ದರೆ ಅದರಿಂದ ಸೂಟ್‌ಕೇಸಿಗೆ ಮಾತ್ರ ಉಪಯೋಗ. ಪುಳಿಯೋಗರೆಯ ಗೊಜ್ಜನ್ನು ಬೆಳಿಗ್ಗೆ ಧಾರಾಳವಾಗಿ ಕಲಸಿಕೊಂಡು ಉಂಡಿದ್ದ ನಮ್ಮವರ ಪರಿಸ್ಥಿತಿಯನ್ನು ಇಲ್ಲಿ ವಿವರಿಸುವುದು ಸಭ್ಯತೆಯಲ್ಲ. ಇನ್ನು, ಚಕ್ರವಿರುವ ಸೂಟ್‌ಕೇಸು ಮರಳಿನ ಮೇಲೆ ಉರುಳುವುದಿಲ್ಲ, ಉಳುತ್ತದೆ. ಸಣ್ಣ ದ್ವೀಪಗಳಲ್ಲಿ ಹಣದ ಯಂತ್ರಗಳೂ ಮೊಬೈಲ್ ಸಿಗ್ನಲ್ಲೂ ಕೈಕೊಡುವುದುಂಟು. ಅಲ್ಲಿ ನಮ್ಮನ್ನು ಕಾಪಾಡಿದ್ದು ಅತ್ತೆಯ ಸೊಂಟದ ಚೀಲದಲ್ಲಿ ನಾಲ್ಕು ಮಡಿಕೆಯಾಗಿ ಕುಳಿತಿದ್ದ ನೋಟುಗಳು.

ಬಿಸಿಲಿಗೆ ಹಚ್ಚುವ ಕ್ರೀಮನ್ನು ಆರಿಸುವ ಹೊಣೆ ಮಗಳದು. ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಹವಳಕ್ಕೆ ಹಾನಿ ಮಾಡುತ್ತದೆಂಬ ಕಾರಣಕ್ಕೆ ಹವಾಯಿಯಲ್ಲಿ 2021ರಿಂದ ಅಂಥ ಕ್ರೀಮುಗಳ ಮಾರಾಟವನ್ನೇ ನಿಲ್ಲಿಸಿದ್ದಾರೆಂದು ಓದಿಕೊಂಡಿದ್ದ ಅವಳು, ಸತುವಿನ ಆಕ್ಸೈಡಿನಿಂದ ಮಾಡಿದ ಕ್ರೀಮನ್ನು ತಂದಿದ್ದಳು. ಅದು ಚರ್ಮದೊಳಗೆ ಇಳಿಯದೆ ಬೆಳ್ಳಗೆ ಮೇಲೆಯೇ ನಿಲ್ಲುತ್ತದೆ. ನಮ್ಮವರು ಎಲಿಫೆಂಟ್ ಬೀಚಿನಲ್ಲಿ ಬಣ್ಣ ಹಚ್ಚಿ ಅರ್ಧದಲ್ಲಿ ಎದ್ದುಬಂದ ಯಕ್ಷಗಾನದ ವೇಷದಂತೆ ನಿಂತಿದ್ದರು. ಹವಳ ನೋಡಲು ನೀರಿಗಿಳಿಯುವವರಿಗೆ ಕೊಡುವ ಮುಖವಾಡವನ್ನು ಕನ್ನಡಕದ ಮೇಲೆ ತೊಡಲಾಗದು. ಕನ್ನಡಕ ತೆಗೆದರೆ ಅವರಿಗೆ ಕೈಯಳತೆಯ ಆಚೆ ಏನೂ ಕಾಣದು. ಬಣ್ಣಬಣ್ಣದ ಮೀನುಗಳ ನಡುವೆ ಬಹಳ ಹೊತ್ತು ತೇಲಿ ಮೇಲೆ ಬಂದು, “ನೀರು ಚೆನ್ನಾಗಿದೆ ಕಣೇ” ಎಂದಷ್ಟೇ ಹೇಳಿದರು.

ನೀಲ್ ದ್ವೀಪದಲ್ಲಿ ನೀರಿಳಿದಾಗ ಮಾತ್ರ ಹತ್ತಿರ ಹೋಗಬಹುದಾದ ಒಂದು ಕಲ್ಲಿನ ಸೇತುವೆಯಿದೆ. ದಾರಿಯುದ್ದಕ್ಕೂ ಪಾಚಿ ಹಿಡಿದ ಬಂಡೆ, ಸತ್ತ ಹವಳದ ಚೂಪು. ಅರ್ಧ ದಾರಿಯಲ್ಲಿ ನಮ್ಮವರ ಹವಾಯಿ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಬರಿಗಾಲಿನಲ್ಲಿ ಹಿಂದಕ್ಕೂ ಹೋಗುವಂತಿಲ್ಲ, ಮುಂದಕ್ಕೂ ಹೋಗುವಂತಿಲ್ಲ. ಅತ್ತೆ ಏನೂ ಮಾತಾಡದೆ ತಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳ ಗೊಂಚಲಿನಿಂದ ಒಂದನ್ನು ಬಿಡಿಸಿ, ಉಂಗುಷ್ಟದ ಬಾರನ್ನು ತೂತಿನೊಳಗೆ ತುರುಕಿ, ಅಟ್ಟೆಯ ಕೆಳಗೆ ಪಿನ್ನನ್ನು ಅಡ್ಡಲಾಗಿ ಚುಚ್ಚಿ ಮುಚ್ಚಿ, “ನಡಿಯೋ” ಎಂದರು. ನಾಲ್ಕು ಸೂಟ್‌ಕೇಸುಗಳಲ್ಲಿ ಯಾವುದರಲ್ಲೂ ಇಲ್ಲದ ವಸ್ತುವದು. ಆ ಚಪ್ಪಲಿ ಇಂದಿಗೂ ನಮ್ಮ ಬಚ್ಚಲುಮನೆಯಲ್ಲಿ ಅದೇ ಪಿನ್ನಿನ ಮೇಲೆ ಸೇವೆ ಸಲ್ಲಿಸುತ್ತಿದೆ.

ಅದೇ ತೀರದಲ್ಲಿ ಅತ್ತೆ ಬಿಳಿಯ ಹವಳದ ತುಂಡುಗಳನ್ನೂ ಕಪ್ಪೆಚಿಪ್ಪುಗಳನ್ನೂ ಸೆರಗಿಗೆ ತುಂಬಿಕೊಳ್ಳತೊಡಗಿದರು. ಮುಂದಿನ ದಸರೆಗೆ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಮುಂದೆ ಒಂದು ಕಡಲನ್ನೇ ರಚಿಸುವ ಯೋಜನೆ ಅವರದು. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಸತ್ತ ತುಂಡಾದರೂ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ ಎಂದು ಮೊಮ್ಮಗಳು ವಿವರಿಸಿದಳು. “ಬರುವಾಗ ಕೊಬ್ಬರಿ ಬೇಡ ಅಂದರು, ಹೋಗುವಾಗ ಕಲ್ಲೂ ಬೇಡವಂತೆ” ಎಂದು ಗೊಣಗುತ್ತ ಅತ್ತೆ ಸೆರಗು ಕೊಡವಿದರು. ಕೆಳಗೆ ಬಿದ್ದ ಚಿಪ್ಪುಗಳಲ್ಲಿ ಒಂದು ಕಾಲುಗಳನ್ನು ಹೊರಚಾಚಿ ನಡೆದುಹೋದದ್ದನ್ನು ಕಂಡ ಮೇಲೆ ಅವರಿಗೂ ಸಮಾಧಾನವಾಯಿತು. ಒಳಗೆ ಬಾಡಿಗೆಗಿದ್ದ ಸನ್ಯಾಸಿ ಏಡಿಯನ್ನು ಮನೆ ಬಿಡಿಸುವುದು ಅವರ ಮನಸ್ಸಿಗೂ ಒಪ್ಪುವ ಮಾತಲ್ಲ. ಕೊನೆಗೆ ಪೋರ್ಟ್ ಬ್ಲೇರಿನ ಸರ್ಕಾರಿ ಮಳಿಗೆ ಸಾಗರಿಕಾದಲ್ಲಿ ಚಿಪ್ಪಿನಿಂದ ಮಾಡಿದ ಒಂದು ಆಮೆಯನ್ನು ಬಿಲ್ಲು ಸಮೇತ ಕೊಂಡೆವು. ಬಿಲ್ಲು ನಮ್ಮವರ ಫೈಲನ್ನು ಸೇರಿತು.

ಆ ಫೈಲನ್ನು ಅವರು ಹಡಗಿನಲ್ಲಿ, ದೋಣಿಯಲ್ಲಿ, ಕಂಕುಳಲ್ಲಿಟ್ಟುಕೊಂಡೇ ತಿರುಗಿದ್ದರು. ಬೋರ್ಡಿಂಗ್ ಪಾಸು ಮುದ್ರಿಸುವುದು ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ. ಬಿಸಿಲು, ಬೆವರು, ಪ್ಲಾಸ್ಟಿಕ್ಕಿನ ಒಡನಾಟ, ಕ್ರೀಮು ಮೆತ್ತಿದ ಬೆರಳು ಇವೆಲ್ಲ ಅದಕ್ಕೆ ಆಗದ ವಸ್ತುಗಳು. ಕಚೇರಿಯಲ್ಲಿ ಬಿಡಿಸಿ ನೋಡಿದಾಗ ಪಾಸುಗಳ ಮೇಲೆ ನಾಲ್ವರ ಹೆಸರೂ ಆಸನದ ಸಂಖ್ಯೆಯೂ ಮಾಯವಾಗಿ, ಒಂದೆರಡು ಅಡ್ಡಗೆರೆಗಳಷ್ಟೇ ಉಳಿದಿದ್ದವು. ಇಡೀ ಕಡತದಲ್ಲಿ ಅಕ್ಷರ ಅಕ್ಷರವೂ ಸ್ಪಷ್ಟವಾಗಿ ಓದಲು ಬರುತ್ತಿದ್ದ ಕಾಗದವೆಂದರೆ ಆಮೆಯ ಬಿಲ್ಲು ಒಂದೇ. ಎಲ್‌ಟಿಸಿಯಲ್ಲಿ ಆಮೆಗೆ ಹಣ ಕೊಡುವುದಿಲ್ಲವಂತೆ.