ದೊರೆಗೆ ಕಟ್ಟು ಹಾಕಿಸಿದ್ದು

"ಹಾರಾನೂ ಹಾಕಿಕೊಡ್ಲಾ ಸಾರ್? ಗಂಧದ್ದು ಇದೆ" ಎಂದು ಕೇಳಿದ ಕಟ್ಟು ಹಾಕುವ ಅಂಗಡಿಯ ಹುಡುಗ.

ಬೇಡ ಎಂದೆ.

"ತೀರಿಕೊಂಡವರಲ್ವಾ?"

ತೀರಿಕೊಂಡವರೇ, 1701ರಲ್ಲಿ. ಆದರೆ ಅದನ್ನೆಲ್ಲ ವಿವರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ಕಣ್ಣು ಚಿತ್ರದ ಕೆಳಗಿನ ಅಂಚನ್ನು ಹುಡುಕುತ್ತಿತ್ತು. ಅಂಚೇ ಇರಲಿಲ್ಲ.

"ಕೆಳಗಡೆ ಏನೋ ಬರೆದಿತ್ತಲ್ಲಪ್ಪಾ?"

"ಹೂಂ ಸಾರ್, ಇಂಗ್ಲಿಷಲ್ಲಿ ಏನೋ ಇತ್ತು. ಪೇಪರ್ ಅಲ್ಲೇ ಜಾಸ್ತಿ ಹಳದಿ ಆಗಿತ್ತು. ಫ್ರೇಮು ಬೇರೆ ರೆಡಿ ಸೈಜು. ಕಟ್ ಮಾಡ್ಬಿಟ್ಟೆ. ಈಗ ನೋಡಿ, ಎಷ್ಟು ನೀಟಾಗಿದೆ."

ನೀಟಾಗಿಯೇ ಇತ್ತು. ಸಂಕಟ ಅದೇ.

ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಹಳೆಯ ಪುಸ್ತಕ, ನಕಾಶೆ ಮಾರುವ ಒಂದು ಅಂಗಡಿಯಲ್ಲಿ ಕೊಂಡ ಅಚ್ಚು ಅದು. ಇಂಗ್ಲೆಂಡಿನ ಎರಡನೇ ಜೇಮ್ಸ್, ಪ್ರಾಟೆಸ್ಟೆಂಟ್ ನಾಡಿನ ಕ್ಯಾಥೊಲಿಕ್ ರಾಜ. 1685ರಲ್ಲಿ ಪಟ್ಟವೇರಿ, ನಾಲ್ಕು ವರ್ಷ ತುಂಬುವ ಮೊದಲೇ ಪಟ್ಟ ಬಿಟ್ಟು ಓಡಿದ ದೊರೆ. ಎಷ್ಟು ಕೊಟ್ಟೆ ಅಂತ ಇಲ್ಲಿ ಬರೆಯುವುದಿಲ್ಲ. ಇದನ್ನು ಮನೆಯವರೂ ಓದುತ್ತಾರೆ.

ಇಂಥ ಅಚ್ಚುಗಳಲ್ಲಿ ಚಿತ್ರದ ಕೆಳಗೆ ಎರಡು ಬೆರಳಗಲದ ಜಾಗ ಬಿಟ್ಟಿರುತ್ತಾರೆ. ಎಡಗಡೆ ಚಿತ್ರ ಬರೆದವನ ಹೆಸರು, ಪಕ್ಕದಲ್ಲಿ 'ಪಿಂಕ್ಸಿಟ್'. ಬಲಗಡೆ ತಾಮ್ರದ ತಗಡಿನ ಮೇಲೆ ಕೆತ್ತಿದವನ ಹೆಸರು, ಪಕ್ಕದಲ್ಲಿ 'ಸ್ಕಲ್ಪ್ಸಿಟ್'. ನಡುವೆ ದೊರೆಯ ಹೆಸರು, ಬಿರುದು. ನನಗೆ ಬೇಕಾಗಿದ್ದದ್ದು ನಿಜವಾಗಿ ಆ ಎರಡು ಬೆರಳು. ಅದು ಹೋದ ಮೇಲೆ ಉಳಿದದ್ದು ಒಂದು ವಿಗ್ಗು.

ಮನೆಗೆ ತಂದು ಸೋಫಾದ ಮೇಲೆ ಒರಗಿಸಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಯಾರೋ ಈ ಹೆಂಗಸು? ಫೋಟೊ ತೆಗೆಸ್ಕೊಳ್ಳೋವಾಗಾದ್ರೂ ತಲೆ ಬಾಚಿಕೋಬಾರದಿತ್ತಾ?" ಎಂದರು. ಹೆಂಗಸಲ್ಲ, ಇಂಗ್ಲೆಂಡಿನ ರಾಜ ಎಂದೆ. "ಹೌದಾ" ಎಂದರು. ನಂಬಲಿಲ್ಲ. ನಂಬಿಸೋಣವೆಂದರೆ ಹೆಸರಿದ್ದ ಆ ಕಾಗದದ ಪಟ್ಟಿ ಇಲ್ಲ.

ಅಮ್ಮನದೇನೂ ತಪ್ಪಿಲ್ಲ. ಆ ಕಾಲದ ಚಿತ್ರಗಳನ್ನು ಸಾಲಾಗಿ ನೋಡಿದವರಿಗೆ ಗೊತ್ತು. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಹದಿನೇಳನೇ ಶತಮಾನದ ಕೊನೆಯ ಭಾಗಕ್ಕೆ ಬಂದರೆ ಎಲ್ಲ ಗಂಡಸರೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಾರೆ. ಹೆಗಲ ಮೇಲೆ ಇಳಿಬಿದ್ದ ವಿಗ್ಗು, ಉದ್ದ ಮೂಗು, ಈಗಷ್ಟೇ ಊಟ ಮುಗಿಸಿ ಎದ್ದಂಥ ಕಣ್ಣು. ಇದಕ್ಕೆ ಮುಖ್ಯ ಅಪರಾಧಿ ಗಾಡ್‌ಫ್ರೀ ನೆಲ್ಲರ್. ಜರ್ಮನಿಯ ಲ್ಯೂಬೆಕ್‌ನಿಂದ ಬಂದವನು. ಇವನು ಮುಖ ಬರೆಯುತ್ತಿದ್ದ. ಕೋಟು, ಲೇಸು, ವಿಗ್ಗು, ಹಿಂದಿನ ಪರದೆಗಳನ್ನು ಬರೆಯಲು ಬೇರೆ ಬೇರೆ ಆಳುಗಳಿದ್ದರು. ಜೇಮ್ಸ್ ಓಡಿಹೋದ ಮೇಲೆ ಅವನನ್ನು ಓಡಿಸಿದ ವಿಲಿಯಂನಿಗೂ ಇವನೇ ಆಸ್ಥಾನ ಚಿತ್ರಕಾರ! ವಿಲಿಯಂ ಇವನಿಗೆ ಸರ್ ಪದವಿಯನ್ನೂ ಕೊಟ್ಟ. ದೊಡ್ಡ ಕಲಾವಿದ ಅಂತ ತಿಳಿದವರು ಹೇಳುತ್ತಾರೆ. ನನಗಂತೂ ಅವನನ್ನು ಕಂಡರಾಗದು. ಐವತ್ತು ಜನರನ್ನು ಬರೆದು ಐವತ್ತನ್ನೂ ಒಬ್ಬನೇ ಅನ್ನಿಸುವ ಹಾಗೆ ಮಾಡುವುದಕ್ಕೆ ಅಷ್ಟು ದೂರದಿಂದ ಬರಬೇಕಿತ್ತಾ?

ಜೇಮ್ಸ್‌ನ ಮುಖದ ಬಗ್ಗೆ ನನಗೆ ಒಂದು ವಿಚಾರ ಹೊಳೆದಿದೆ. ಅಷ್ಟು ದುಡ್ಡು ಕೊಟ್ಟು ಈ ಅಚ್ಚು ಕೊಂಡದ್ದೂ ಅದಕ್ಕೇ. ಹೇಳುತ್ತೇನೆ. ಅದಕ್ಕೆ ಮೊದಲು ಫೇವರ್‌ಶ್ಯಾಮ್ ಎಂಬ ಕರಾವಳಿ ಊರಿನಲ್ಲಿ ಆದದ್ದನ್ನು ಹೇಳಬೇಕು, ಇಲ್ಲದಿದ್ದರೆ ಅರ್ಥವಾಗುವುದಿಲ್ಲ.

1688ರ ನವೆಂಬರ್ 5ರಂದು ಜೇಮ್ಸ್‌ನ ಅಳಿಯ ವಿಲಿಯಂ ಹಾಲೆಂಡಿನಿಂದ ಸೈನ್ಯ ಸಮೇತ ಬಂದು ಟೋರ್‌ಬೇಯಲ್ಲಿ ಇಳಿದ. ಸುದ್ದಿ ಬಂದಾಗ ಜೇಮ್ಸ್ ಇದೇ ನೆಲ್ಲರ್ ಮುಂದೆ ಕೂತಿದ್ದನಂತೆ. ನೌಕಾಪಡೆಯ ಕಾರ್ಯದರ್ಶಿ ಪೀಪ್ಸ್‌ಗೆ ಕೊಡಲೆಂದು ಬರೆಸುತ್ತಿದ್ದ ಚಿತ್ರ. ಮಾತು ಕೊಟ್ಟಾಗಿದೆ, ನೀನು ಮುಗಿಸು ಎಂದು ಹೇಳಿ ಕದಲದೆ ಕೂತನಂತೆ. ಕಥೆ ನಿಜವೋ ಕಟ್ಟಿದ್ದೋ, ಆ ಮನುಷ್ಯನಿಗೆ ಒಪ್ಪುತ್ತದೆ. ಅಳಿಯ ರಾಜ್ಯ ಕಿತ್ತುಕೊಳ್ಳಲು ಬಂದಿದ್ದಾನೆ, ಮಾವ ಮುಖ ಬರೆಸಿಕೊಳ್ಳುತ್ತಿದ್ದಾನೆ.

ತಿಂಗಳು ಕಳೆಯುವಷ್ಟರಲ್ಲಿ ನೆಚ್ಚಿನವರೆಲ್ಲ ಕೈಬಿಟ್ಟರು. ಕಿರಿಮಗಳು ಆನ್ ಕೂಡ ಆ ಕಡೆ ಸೇರಿದಳು. ಹಿರಿಮಗಳು ಮೇರಿ ಹೇಗೂ ವಿಲಿಯಂನ ಹೆಂಡತಿ. ಡಿಸೆಂಬರ್ 11ರ ಬೆಳಗಿನ ಜಾವ, ಊರು ನಿದ್ದೆಯಲ್ಲಿದ್ದಾಗ, ಐವತ್ತೈದು ವರ್ಷದ ದೊರೆ ಅರಮನೆಯಿಂದ ಸದ್ದಿಲ್ಲದೆ ಹೊರಬಿದ್ದ. ಥೇಮ್ಸ್ ದಾಟುವಾಗ ರಾಜಮುದ್ರೆಯನ್ನು ಹೊಳೆಗೆ ಎಸೆದ. ಮುದ್ರೆಯಿಲ್ಲದೆ ಯಾವ ಆಜ್ಞೆಯೂ ನಡೆಯದು, ಅಳಿಯ ಪರದಾಡಲಿ ಎಂದು. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಕಿತ್ತುಕೊಂಡು ಮನೆ ಬಿಟ್ಟುಹೋದ ಹಾಗೆ.

ಜೊತೆಗಿದ್ದವನು ಎಡ್ವರ್ಡ್ ಹೇಲ್ಸ್. ಕೆಂಟ್ ಕಡೆಯ ಜಮೀನುದಾರ. ಅದೇ ಕೆಂಟ್ ಕರಾವಳಿಯಿಂದ ಫ್ರಾನ್ಸಿಗೆ ಹೋಗುವ ಯೋಜನೆ. ತಲೆಮರೆಸಿಕೊಂಡು ಹೋಗುವವರು ಹೀಗೆ ಊರವರಿಗೆಲ್ಲ ಗೊತ್ತಿರುವ ಮನುಷ್ಯನನ್ನು ಅವನ ಊರಿನ ಬಾಗಿಲಿಗೇ ಕರೆದುಕೊಂಡು ಹೋಗುತ್ತಾರಾ? ಇವನು ಹೋದ. ಸಿಕ್ಕಿದ್ದು ಒಂದು ಪುಟ್ಟ ಹಡಗು. ಅದರಲ್ಲಿ ಭಾರ ಸಾಲದು ಎಂದು ತುಂಬಿಸಲು ನಿಂತರು. ಭಾರ ತುಂಬುವಷ್ಟರಲ್ಲಿ ನೀರು ಇಳಿಯಿತು. ಇನ್ನು ಉಬ್ಬರ ಬರುವ ತನಕ ಕೂರಬೇಕು. ದೊರೆ ಕೂತ.

ಉಬ್ಬರಕ್ಕೆ ಮೊದಲು ಫೇವರ್‌ಶ್ಯಾಮ್‌ನ ಮೀನುಗಾರರು, ನಾವಿಕರು ಬಂದರು. ರಾತ್ರಿ, ಚಳಿ. ದೋಣಿಗಳ ತುಂಬಾ ಜನ. ಅವರು ಹುಡುಕುತ್ತಿದ್ದದ್ದು ದೊರೆಯನ್ನಲ್ಲ, ಚಿನ್ನ ಬೆಳ್ಳಿ ಗಂಟುಕಟ್ಟಿಕೊಂಡು ಓಡುತ್ತಿದ್ದ ಕ್ಯಾಥೊಲಿಕ್ ಪಾದ್ರಿಗಳನ್ನು. ಹತ್ತಿದ ಕೂಡಲೇ ಹೇಲ್ಸ್‌ನನ್ನು ಗುರುತು ಹಿಡಿದರು. ಪಕ್ಕದಲ್ಲಿ ಸಾದಾ ಬಟ್ಟೆಯಲ್ಲಿ ಕೂತಿದ್ದ ಉದ್ದ ಮುಖದ ಮುದುಕನನ್ನು ನೋಡಿದರು. ಇವನು ಜೆಸೂಯಿಟ್ ಪಾದ್ರಿಯೇ ಎಂದು ತೀರ್ಮಾನಿಸಿದರು. ಕೊಡಲಿ ಮೂತಿಯವನು ಎಂದು ಬೈದರು. ಸ್ವಲ್ಪ ಯೋಚಿಸಿ. ಅರಮನೆಯಲ್ಲಿ ಅವನ ಚಿತ್ರ, ಕಚೇರಿಯಲ್ಲಿ ಅವನ ಚಿತ್ರ, ಅಂಗಡಿ ಕಿಟಕಿಗಳಲ್ಲಿ ಅವನ ಅಚ್ಚು. ಯಾವುದೂ ಕೆಲಸಕ್ಕೆ ಬರಲಿಲ್ಲ.

ಮೈ ತಡಕಿದರು. ಚಡ್ಡಿಯನ್ನೂ ಬಿಡಲಿಲ್ಲ. ಗಡಿಯಾರ ಕಿತ್ತುಕೊಂಡರು, ಹಣ ಕಿತ್ತುಕೊಂಡರು. ವಜ್ರದ ಬಕಲ್‌ಗಳನ್ನು ಗಾಜಿನ ಚೂರು ಅಂದುಕೊಂಡು ಬಿಟ್ಟರು. ಪಟ್ಟಾಭಿಷೇಕದ ಉಂಗುರವೂ ಅವರ ಕೈಗೆ ಸಿಗದೆ ಉಳಿಯಿತು. ನನ್ನನ್ನು ಕಾಡುವುದು ಆ ಹಣ. ಅದರಲ್ಲಿ ಒಂದಾದರೂ ಗಿನಿ ಎಂಬ ಚಿನ್ನದ ನಾಣ್ಯದ ಮೇಲೆ ಇವನದೇ ತಲೆ ಇದ್ದಿರಬೇಕಲ್ಲ? ಎರಡನೇ ಚಾರ್ಲ್ಸ್‌ನ ನಾಣ್ಯದಲ್ಲಿ ತಲೆ ಬಲಕ್ಕೆ ನೋಡುತ್ತದೆ, ತಮ್ಮ ಜೇಮ್ಸ್‌ನದರಲ್ಲಿ ಎಡಕ್ಕೆ. ಒಬ್ಬ ಮೀನುಗಾರ ದೀಪದ ಬೆಳಕಿಗೆ ಗಿನಿ ಹಿಡಿದು, ಒಮ್ಮೆ ಅದನ್ನು, ಒಮ್ಮೆ ಮುಂದೆ ಕೂತ ಮುದುಕನನ್ನು ನೋಡಿದ್ದರೆ ಸಾಕಿತ್ತು. ಆದರೆ ನಾಣ್ಯದ ಜೇಮ್ಸ್ ಲಾರೆಲ್ ಎಲೆಯ ಮಾಲೆ ಸುತ್ತಿಕೊಂಡ ರೋಮಿನ ಚಕ್ರವರ್ತಿ. ದೋಣಿಯ ಜೇಮ್ಸ್ ನಿದ್ದೆಗೆಟ್ಟ ಮಾವ. ಅಲ್ಲದೆ ನಾವಾದರೂ ಅಷ್ಟೇ. ನೋಟನ್ನು ಎಣಿಸುತ್ತೇವೆ, ಮುಖ ನೋಡುತ್ತೇವಾ?

ದಡಕ್ಕೆ ಎಳೆದುಕೊಂಡು ಹೋಗಿ ಫೇವರ್‌ಶ್ಯಾಮ್‌ನ ಒಂದು ಹೋಟೆಲಿನಲ್ಲಿ ಕೂರಿಸಿದರು. ಯಾರೋ ಒಬ್ಬರಿಗೆ ಅಲ್ಲಿ ಗುರುತು ಹತ್ತಿತು. ಆಮೇಲೆ ಊರಿಗೆ ಊರೇ ನೋಡಲು ಬಂತು. ಜೆಸೂಯಿಟ್ ಅಂತ ಬೈದವರೇ ಬಾಗಿಲಲ್ಲಿ ಕಾವಲು ನಿಂತರು. ಬಿಡಲೂ ಇಲ್ಲ, ಹೊಡೆಯಲೂ ಇಲ್ಲ. ಸಿಕ್ಕಿದ ದೊರೆಯನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಡಿಸೆಂಬರ್ 16ಕ್ಕೆ ಲಂಡನ್ನಿಗೆ ವಾಪಸ್ ಕರೆತಂದರೆ ಅಲ್ಲಿನ ಜನ ಬೀದಿಯಲ್ಲಿ ನಿಂತು ಜೈಕಾರ ಹಾಕಿದರು! ಎಲ್ಲರಿಗಿಂತ ಬೇಸರವಾದದ್ದು ವಿಲಿಯಂಗೆ. ಓಡಿಹೋಗಿ ಉಪಕಾರ ಮಾಡಿದ್ದ ಮಾವನನ್ನು ಈ ಬೆಸ್ತರು ತಂದು ಮತ್ತೆ ಕೊರಳಿಗೆ ಕಟ್ಟಿದ್ದರು. ಕೊನೆಗೆ ಅವನನ್ನು ರಾಚೆಸ್ಟರಿಗೆ ಕಳಿಸಿ, ಹಿಂಬಾಗಿಲ ಕಾವಲು ಬೇಕೆಂದೇ ಸಡಿಲ ಬಿಟ್ಟರು. ಮಾವನಿಗೆ ಅರ್ಥವಾಯಿತು. ಈ ಸಲ ಸರಿಯಾಗಿ ಓಡಿದ. ಹೊಳೆಗೆ ಎಸೆದ ರಾಜಮುದ್ರೆ ಎಷ್ಟೋ ತಿಂಗಳ ಮೇಲೆ ಮೀನಿನ ಬಲೆಗೆ ಸಿಕ್ಕಿ ಮೇಲೆ ಬಂತಂತೆ. ಅಂದರೆ ಮುದ್ರೆ ಸಿಕ್ಕಿದ್ದೂ ಮೀನುಗಾರರಿಗೇ, ದೊರೆ ಸಿಕ್ಕಿದ್ದೂ ಮೀನುಗಾರರಿಗೇ.

ಎಲ್ಲಿದ್ದೆ? ಹೆಸರಿನ ಪಟ್ಟಿ.

ಆ ಪಟ್ಟಿ ಮುಖ್ಯ ಅಂತ ಹುಡುಗನಿಗೆ ಹೇಗೆ ಹೇಳುವುದು? ಜೇಮ್ಸ್‌ನ ಅಪ್ಪ ಮೊದಲನೇ ಚಾರ್ಲ್ಸ್, 1649ರಲ್ಲಿ ತಲೆ ಕಳೆದುಕೊಂಡವನು. ಅವನು ಕುದುರೆ ಮೇಲೆ ಕೂತ ಚಿತ್ರವೊಂದನ್ನು ವ್ಯಾನ್ ಡೈಕ್ ಬರೆದಿದ್ದ. ಅದನ್ನು ನೋಡಿಕೊಂಡು ಪಿಯರ್ ಲೊಂಬಾರ್ ಎಂಬ ಫ್ರೆಂಚ್ ಕೆತ್ತನೆಗಾರ ತಾಮ್ರದ ತಗಡು ಮಾಡಿದ. ಗದ್ದುಗೆಯಲ್ಲಿ ಆಗ ಚಾರ್ಲ್ಸ್‌ನನ್ನು ಉರುಳಿಸಿದ ಕ್ರಾಮ್‌ವೆಲ್ ಇದ್ದದ್ದರಿಂದ ಕುದುರೆ ಮೇಲೆ ಕ್ರಾಮ್‌ವೆಲ್‌ನ ತಲೆ ಇಟ್ಟ. ಆಮೇಲೆ ಅದೇ ತಗಡಿನಲ್ಲಿ ತಲೆ ಕೆರೆದು ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ತಲೆ ಬಂತು. ಮತ್ತೊಮ್ಮೆ ಕೆರೆದು ಚಾರ್ಲ್ಸ್‌ನದೇ ಬಂತು. ನಡುವೆ ಒಂದು ಹಂತದ ಅಚ್ಚಿದೆ. ಅದರಲ್ಲಿ ಕುದುರೆ ಇದೆ, ಕವಚ ಇದೆ, ತಲೆಯೇ ಇಲ್ಲ. ಬೆನ್ನ ಮೇಲೆ ಯಾರು ಕೂತರೂ ಕುದುರೆ ಕಾಲೆತ್ತಿದ್ದು ಹಾಗೇ ಎತ್ತಿಕೊಂಡಿದೆ. ಇಂಥ ಕಸುಬಿನಲ್ಲಿ ಕೆಳಗಿನ ಅಕ್ಷರ ಬಿಟ್ಟರೆ ಯಾವುದನ್ನು ನಂಬುವುದು?

ಅಚ್ಚುಗಳಿಗೆ ನಿಜವಾಗಿ ಮೈತುಂಬ ಕೆಲಸ ಸಿಕ್ಕಿದ್ದು ಜೇಮ್ಸ್‌ನ ಮಗ ಹುಟ್ಟಿದಾಗ, 1688ರ ಜೂನ್ 10ಕ್ಕೆ. ಮಗು ರಾಣಿಯದಲ್ಲ, ಹಾಸಿಗೆ ಬೆಚ್ಚಗೆ ಮಾಡುವ ಕೆಂಡದ ಪಾತ್ರೆಯೊಳಗೆ ಅಡಗಿಸಿ ತಂದದ್ದು ಎಂದು ವಿರೋಧಿಗಳು ಹಬ್ಬಿಸಿದರು. ಆ ಪಾತ್ರೆ ಯಾವ ಕೋಣೆಯಿಂದ ಯಾವ ಕೋಣೆಗೆ ಹೋಯಿತು ಅಂತ ಅರಮನೆಯ ನಕಾಶೆ ಅಚ್ಚು ಹಾಕಿ ಚುಕ್ಕೆ ಎಳೆದು ತೋರಿಸಿದರು. ಡಚ್ಚರು ಇನ್ನೂ ಮುಂದೆ ಹೋಗಿ, ಇದು ಹಿಟ್ಟಿನ ಗಿರಣಿಯವನ ಮಗು ಎಂದು, ಎಳೆಗೂಸಿನ ಚಿತ್ರದ ಜೊತೆಗೆ ಆಟಿಕೆಯ ಗಾಳಿಗಿರಣಿ ಸೇರಿಸಿದರು. ಇಷ್ಟಾದಾಗ ಮಗುವಿನ ಪರ ಮಾತಾಡಿದವರಲ್ಲಿ ನೆಲ್ಲರ್ ಒಬ್ಬ. ಅಪ್ಪ, ಅಮ್ಮ, ಮಗು ಮೂವರನ್ನೂ ಬರೆದಿದ್ದೇನೆ, ಮಗುವಿನ ಮುಖದಲ್ಲಿ ಅವರಿಬ್ಬರದ್ದಲ್ಲದ ಒಂದು ಗೆರೆಯೂ ಇಲ್ಲ ಎಂದನಂತೆ. ಇದೊಂದು ಮಾತಿಗಾಗಿ ಅವನನ್ನು ಕ್ಷಮಿಸಬೇಕು ಅನ್ನಿಸುತ್ತದೆ. ಆದರೆ ಎಲ್ಲರಿಗೂ ಒಂದೇ ಮುಖ ಬರೆಯುವವನು ಹೋಲಿಕೆಗೆ ಸಾಕ್ಷಿ ಹೇಳಿದರೆ ಯಾರು ಕೇಳಬೇಕು? ಕೇಳಲಿಲ್ಲ.

ಟ್ರಫಾಲ್ಗರ್ ಚೌಕದಲ್ಲಿ, ನ್ಯಾಷನಲ್ ಗ್ಯಾಲರಿಯ ಮುಂದಿನ ಹುಲ್ಲಿನ ಮೇಲೆ ಜೇಮ್ಸ್‌ನ ಒಂದು ಕಂಚಿನ ಪ್ರತಿಮೆ ಇದೆ. 1686ರದು, ಗ್ರಿನ್ಲಿಂಗ್ ಗಿಬ್ಬನ್ಸ್‌ನ ಕಾರ್ಖಾನೆಯಲ್ಲಿ ಆದದ್ದು. ವಿಗ್ಗಿಲ್ಲ, ಗಿಡ್ಡ ಕೂದಲು, ರೋಮನ್ ಉಡುಪು. ಮಗಳು ನೋಡಿ, "ಅಪ್ಪಾ, ಇದು ಜೂಲಿಯಸ್ ಸೀಸರ್ ಅಲ್ವಾ?" ಎಂದಳು. ಅಲ್ಲ ಎಂದೆ. ಪೀಠದ ಮೇಲಿನ ಹೆಸರು ತೋರಿಸಿದೆ. ತೋರಿಸಲು ಅಲ್ಲಿ ಹೆಸರಿತ್ತು! ಕಂಚಿಗೆ ಕತ್ತರಿ ಆಡುವುದಿಲ್ಲ.

ಮುಖದ ಬಗ್ಗೆ ಹೊಳೆದ ವಿಚಾರ ಹೇಳಬೇಕು ಎಂದಿದ್ದೆನಲ್ಲ. ಅಚ್ಚನ್ನು ಮುಂದಿಟ್ಟುಕೊಂಡು ಬಾಯಿ ತುದಿಯ ಒಂದು ಗೆರೆ ತೋರಿಸುತ್ತಾ ಹೇಳುವ ವಿಚಾರ ಅದು. ಈಗ ಇದು ಜೇಮ್ಸ್‌ನದೇ ಬಾಯಿಯೋ, ಇಲ್ಲ ಕೆತ್ತನೆಗಾರ ತುಂಬಿದ ಇನ್ಯಾರದೋ ಬಾಯಿಯೋ ಎಂದು ಅಮ್ಮ ಕೇಳಿದರೆ ಉತ್ತರವಿಲ್ಲ. ಪಟ್ಟಿ ಸಿಕ್ಕರೆ ಗಾಜಿನ ಹಿಂದೆ ಅಂಟಿಸೋಣ ಎಂದು ಮಾರನೇ ದಿನ ಮತ್ತೆ ಅಂಗಡಿಗೆ ಹೋದೆ.

ಹುಡುಗ ಕಸದ ಡಬ್ಬಿಗೆ ಕೈ ಹಾಕಲೂ ಇಲ್ಲ. "ಎಸೆದಿಲ್ಲ ಸಾರ್. ಗಟ್ಟಿ ಪೇಪರಲ್ವಾ? ಇನ್ನೊಂದು ಪಟಕ್ಕೆ ಗಾಜು ಲೂಸ್ ಆಗಿತ್ತು, ಮಡಿಸಿ ಹಿಂದೆ ಒತ್ತು ಕೊಟ್ಟೆ."

"ಯಾವ ಪಟ?"

"ರಾಘವೇಂದ್ರ ಸ್ವಾಮೀದು. ಇಲ್ಲ... ವೆಂಕಟರಮಣ ಸ್ವಾಮೀದೇನೋ. ಆಗಲೇ ತಗೊಂಡ್ಹೋದ್ರು ಸಾರ್. ಗೃಹಪ್ರವೇಶ ಅಂತಿದ್ರು."