ಮಗನಿಗೆ ವಿಚ್, ತೋಟಕ್ಕೆ ಹೂ

ಕ್ಯಾತ್ಸಂದ್ರದ ನಮ್ಮ ದೊಡ್ಡಪ್ಪ ಮಗನ ಮದುವೆ ಬಯೋಡೇಟಾ ಇಂಗ್ಲಿಷಿನಲ್ಲೇ ಇರಬೇಕು ಅಂತ ಹಟ ಹಿಡಿದರು. ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಕನ್ನಡದಲ್ಲಿ ಬರೆದರೆ ಸಂಬಳ ಕಮ್ಮಿ ಕಾಣುತ್ತದೆ ಅನ್ನುವುದು ಅವರ ವಾದ. ಬಿ.ಎಚ್. ರಸ್ತೆಯ ಡಿಟಿಪಿ ಅಂಗಡಿಯಲ್ಲಿ ಕೂತು ತಾವೇ ಹೇಳಿ ಬರೆಸಿದರು. ‘ಮೈ ಸನ್ ವಿಚ್ ಈಸ್ ಎಂಜಿನಿಯರ್’ ಅಂತ ಶುರು. ಎರಡು ಸಾಲು ಕೆಳಗೆ ‘ಕೋಕನಟ್ ಗಾರ್ಡನ್ ಹೂ ಈಸ್ ಇನ್ ತಿಪಟೂರು’.

ಇಂಗ್ಲಿಷಿನಲ್ಲಿ ಮನುಷ್ಯರಿಗೆ ‘ಹೂ’ (who), ವಸ್ತುಗಳಿಗೆ ‘ವಿಚ್’ (which). ‘ದಟ್’ (that) ಎರಡು ಕಡೆಗೂ ನಡೆಯುತ್ತದೆ. ದೊಡ್ಡಪ್ಪ ಮಗನನ್ನೂ ತೋಟವನ್ನೂ ಅದಲು ಬದಲು ಮಾಡಿದ್ದರು. ದೊಡ್ಡಮ್ಮನಿಗೆ ಇದರಲ್ಲಿ ತಪ್ಪೇ ಕಾಣಲಿಲ್ಲ. ತೋಟ ವರ್ಷವಿಡೀ ಕಾಯಿ ಕೊಡುತ್ತದೆ, ಮಗ ಫೋನೂ ಎತ್ತಲ್ಲ. “ಯಾರಿಗೆ ಮರ್ಯಾದೆ ಸಲ್ಲಬೇಕೋ ಅವರಿಗೇ ಸಂದಿದೆ ಬಿಡು” ಅಂದರು. ಅಷ್ಟಕ್ಕೂ 1611ರ ಕಿಂಗ್ ಜೇಮ್ಸ್ ಅನ್ನುವ ಇಂಗ್ಲಿಷ್ ಬೈಬಲಿನ ಪ್ರಾರ್ಥನೆಯಲ್ಲಿ ಸಾಕ್ಷಾತ್ ದೇವರಿಗೇ ‘ಅವರ್ ಫಾದರ್ ವಿಚ್ ಆರ್ಟ್ ಇನ್ ಹೆವನ್’ ಎಂದಿದೆ. ದೇವರೇ ಸುಮ್ಮನಿದ್ದ ಮೇಲೆ ಸಾಫ್ಟ್‌ವೇರ್‌ನವನದೇನು?

ನಿಜವಾದ ಎಡವಟ್ಟು ಆಗಿದ್ದು ಅಕ್ಕನ ವಿಷಯದಲ್ಲಿ. ‘ಹಿಸ್ ಸಿಸ್ಟರ್ ಹೂ ಈಸ್ ಮ್ಯಾರೀಡ್ ಲಿವ್ಸ್ ಇನ್ ಗುಬ್ಬಿ.’ ಇಲ್ಲಿ ‘ಹೂ’ ಸರಿಯಾಗೇ ಬಿದ್ದಿತ್ತು. ಆದರೆ ಡಿಟಿಪಿ ಹುಡುಗ ನೋಡೋಕೆ ನೀಟಾಗಿರಲಿ ಅಂತ ಕಾಮಾ ಎಲ್ಲಾ ತೆಗೆದಿದ್ದ. ಹುಡುಗಿಯ ಅಪ್ಪ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು. ಕೋಲಾರದಿಂದ ಮನೆ ನೋಡಲು ಬಂದವರು, ತಟ್ಟೆ ಇಡ್ಲಿ ಮುರಿಯುತ್ತಾ ಕೇಳಿದರು: “ಮದುವೆಯಾದ ಮಗಳು ಗುಬ್ಬಿಯಲ್ಲಿದ್ದಾಳೆ. ಸರಿ. ಮದುವೆಯಾಗದವಳು ಎಲ್ಲಿದ್ದಾಳೆ?”

ದೊಡ್ಡಮ್ಮ ದೊಡ್ಡಪ್ಪನ ಮುಖ ನೋಡಿದರು. ಆ ನೋಟ ಚೆನ್ನಾಗಿರಲಿಲ್ಲ.

ಇರುವವಳು ಒಬ್ಬಳೇ ಮಗಳು ಅಂತ ಎಲ್ಲರೂ ಆಣೆ ಮಾಡಿ ಹೇಳಿದ ಮೇಲೆ ಮೇಷ್ಟ್ರು ಪೆನ್ನು ತೆಗೆದರು. ‘ಹೂ ಈಸ್ ಮ್ಯಾರೀಡ್’ನ ಆಚೆ ಈಚೆ ಕಾಮಾ ಇದ್ದರೆ ಅದು ಬರೀ ಹೆಚ್ಚಿನ ಮಾಹಿತಿ. ಕಿತ್ತು ಹಾಕಿದರೂ ಅಕ್ಕ ಅಕ್ಕನೇ. ಕಾಮಾ ಇಲ್ಲದಿದ್ದರೆ ಯಾವ ಅಕ್ಕ ಅಂತ ಗುರುತು ಹೇಳಿದ ಹಾಗೆ. ಅಂದರೆ ಇನ್ನೂ ಅಕ್ಕಂದಿರಿದ್ದಾರೆ ಅಂತಾಯಿತು. ಕಾಮಾ ಇರುವ ಕಡೆ ‘ದಟ್’ ಮಾತ್ರ ಹಾಕಬಾರದಂತೆ. ‘ಯಾರನ್ನು’ ಅನ್ನುವ ಕಡೆ ಬರುವ ‘ಹೂಮ್’ (whom) ಬಗ್ಗೆ ಕೇಳಿದ್ದಕ್ಕೆ, ಮಾತಿನಲ್ಲಿ ಇಂಗ್ಲಿಷಿನವರೇ ಅದನ್ನು ಹೆಚ್ಚಾಗಿ ಕೈಬಿಟ್ಟಿದ್ದಾರೆ, ನೀವ್ಯಾಕೆ ಒದ್ದಾಡ್ತೀರಿ ಅಂದರು.

ನಮಗೆ ಇದು ಕಷ್ಟ ಆಗೋದು ಸಹಜ. ಓದಿದ ಹುಡುಗ, ಓದಿದ ಪುಸ್ತಕ, ಓದಿದ ಶಾಲೆ. ಒಂದೇ ‘ಓದಿದ’ ಎಲ್ಲಾ ಕಡೆ ದುಡಿಯುತ್ತದೆ. ಇಂಗ್ಲಿಷಿನವರಿಗೆ ಹುಡುಗನಿಗೊಂದು ಹೂ, ಪುಸ್ತಕಕ್ಕೊಂದು ವಿಚ್, ಶಾಲೆಗೊಂದು ವೇರ್. ಅದೂ ಹೆಸರು ಬಂದಾದ ಮೇಲೆ. ನಾವು ಎಲ್ಲವನ್ನೂ ಹೆಸರಿಗೆ ಮುಂಚೆಯೇ ಹೇಳಿ ಮುಗಿಸುವವರು. ಹಾಗಂತ ನಮ್ಮದೂ ಸಾಚಾ ಅಲ್ಲ. ‘ನೋಡಿದ ಹುಡುಗಿ’ ಅಂದರೆ ನೋಡಿದ್ದು ಅವಳೋ, ಅವಳನ್ನು ನೋಡಿದ್ದು ಇವನೋ? ಹೆಣ್ಣು ನೋಡುವ ಶಾಸ್ತ್ರದಲ್ಲಿ ಇಬ್ಬರೂ ನೋಡಿರುತ್ತಾರೆ, ಹಾಗಾಗಿ ಯಾರೂ ಕೇಳಲ್ಲ, ಅಷ್ಟೇ.

ಹೊರಡುವ ಮುಂಚೆ ಮೇಷ್ಟ್ರು ಇಡೀ ಬಯೋಡೇಟಾ ತಿದ್ದಿದರು. ತೋಟಕ್ಕೆ ವಿಚ್ ಬಂತು, ಮಗನಿಗೆ ಹೂ ಸಿಕ್ಕಿತು, ಗುಬ್ಬಿ ಅಕ್ಕನ ಆಚೆ ಈಚೆ ಕಾಮಾ ಕೂತವು. ಆಮೇಲೆ ಜಾತಕ ಕೂಡಿಬರಲಿಲ್ಲ. ದೊಡ್ಡಪ್ಪನಿಗೆ ಬೇಜಾರೇನೂ ಆಗಲಿಲ್ಲ. ಮೇಷ್ಟ್ರು ತಿದ್ದಿದ್ದನ್ನೇ ಹೊಸದಾಗಿ ಟೈಪ್ ಮಾಡಿಸಿ, ಜೆರಾಕ್ಸ್ ತೆಗೆಸಿ, ಚಿಕ್ಕಬಳ್ಳಾಪುರದ ಕಡೆಯ ಇನ್ನೊಂದು ಸಂಬಂಧಕ್ಕೆ ಕಳಿಸಿದರು.